ಹನ್ನೊಂದು ಒಂದುಗಳನ್ನು ಒಡೆಯಲು ಹೊರಟದ್ದು

ನಮ್ಮ ಹಳೆಯ ನೌಕರರ ಸಂಘದವರು, ಹೊಸದಾಗಿ ಲೆಕ್ಕದ ಕೆಲಸಕ್ಕೆ ಸೇರುವವರಿಗಾಗಿ ನಿಮ್ಮ ಕಾಲದ ಅನುಭವ ಬರೆದುಕೊಡಿ ಎಂದು ಕೇಳಿ ವರ್ಷಗಳೇ ಆದವು. ಆಗಲಿ ಅಂದೆ. ನಾಲ್ಕು ಸಲ ಶುರು ಮಾಡಿದೆ. ನಗುವಂಥ ಸಂಗತಿಗಳೆಲ್ಲ ಸರಾಗವಾಗಿ ಬಂದವು. ಆಮೇಲೆ ಒಂದು ಹಾಳೆಯ ವಿಷಯ ಬರುತ್ತಿತ್ತು. ಅಲ್ಲಿಗೆ ಬಂದಾಗ ಕನ್ನಡಕ ಒರೆಸಬೇಕೆನಿಸುತ್ತಿತ್ತು, ನೀರು ಕುಡಿಯಬೇಕೆನಿಸುತ್ತಿತ್ತು, ಎದ್ದುಬಿಡುತ್ತಿದ್ದೆ. ಈ ಸಲ ಏಳುವುದಿಲ್ಲ ಎಂದು ತೀರ್ಮಾನಿಸಿ ಕುಳಿತಿದ್ದೇನೆ.

ನಾನು ಮಾರೇನಹಳ್ಳಿಯವನು. ಆಗ ಅದು ಹಳ್ಳಿಯೇ. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಹೊಲದ ಕೆಲಸ ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದಾಗ, ರಾಜಾಜಿನಗರದ ಕಡೆ ಹೊಸದಾಗಿ ಎದ್ದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಮಾಡುವವರು ಬೇಕಂತೆ ಎಂದು ಸುದ್ದಿ ಬಂತು. ಲೆಕ್ಕವೆಂದರೆ ಜಮಾಖರ್ಚಲ್ಲ. ಆ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತು ಯಂತ್ರಗಳೂ ಅವುಗಳ ಗೇರುಗಳೂ ತಯಾರಾಗುತ್ತಿದ್ದವು. ಯಾವ ಗೇರಿಗೆ ಎಷ್ಟು ಹಲ್ಲಿರಬೇಕು, ಯಾವುದನ್ನು ಯಾವುದಕ್ಕೆ ಕೂಡಿಸಿದರೆ ಬೇಕಾದ ವೇಗ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿಕೊಡುವುದು ನಮ್ಮ ಕೆಲಸ. ಬೆಳಗ್ಗೆ ರಾಗಿ ಹೊಲಗಳ ಬದುವಿನ ಮೇಲೆ ನಡೆದು, ಚಪ್ಪಲಿಯ ಮಣ್ಣನ್ನು ಗೇಟಿನ ಬಳಿ ಕೊಡವಿ, ಒಳಗೆ ಹೋಗಿ ಯಂತ್ರದ ಮುಂದೆ ಕೂರುತ್ತಿದ್ದೆ.

ಆ ಯಂತ್ರವನ್ನು ಈಗಿನವರು ನೋಡಿರಲಾರರು. ಹೊಲಿಗೆ ಯಂತ್ರದ ತಲೆಯಷ್ಟು ಗಾತ್ರ, ಕಪ್ಪು ಬಣ್ಣ, ಬಲಕ್ಕೆ ತಿರುಗಿಸುವ ಹಿಡಿ. ಮುಂದೆ ಸಾಲಾಗಿ ಹನ್ನೊಂದು ಪುಟ್ಟ ಕಿಟಕಿಗಳು, ಒಂದೊಂದರಲ್ಲೂ ಒಂದು ಅಂಕಿ. ಹಿಡಿಯನ್ನು ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಭಾಗಿಸಬೇಕಾದರೆ ಕಳೆಯುತ್ತಾ ಹೋಗಬೇಕು. ಒಂದು ಸುತ್ತು ಜಾಸ್ತಿಯಾದರೆ ಒಳಗಿನ ಗಂಟೆ 'ಟಿಣ್' ಎನ್ನುತ್ತದೆ. ಆಗ ಒಂದು ಸುತ್ತು ವಾಪಸ್ಸು ಬಂದು, ಪಕ್ಕದ ಅಂಕಿಯ ಮನೆಗೆ ಸರಿದು, ಮತ್ತೆ ಕಳೆಯಬೇಕು. ಎಂಟು ಯಂತ್ರಗಳು ಒಟ್ಟಿಗೆ ಕರಕರ, ಟಿಣ್‌ಟಿಣ್ ಎನ್ನುವಾಗ ನಮ್ಮ ಕೋಣೆ ಕುದುರೆಗಾಡಿಗಳ ನಿಲ್ದಾಣದಂತಿರುತ್ತಿತ್ತು.

ಏನು ಕೆಲಸವೆಂದು ನಮ್ಮವ್ವ ಕೇಳಿದಾಗ ಹಿಡಿ ತಿರುಗಿಸುವ ಅಭಿನಯ ಮಾಡಿ ತೋರಿಸಿದ್ದೆ.

"ಅಯ್ಯೋ ನಿನ್ನ, ಮನೇಲಿ ರಾಗಿ ಬೀಸು ಅಂದ್ರೆ ಕೈ ನೋವು ಅಂತಿದ್ದೆ. ಅಲ್ಲಿ ಹೋಗಿ ದಿನವೆಲ್ಲ ಬೀಸ್ತಾ ಇದೀಯ? ಹಿಟ್ಟಾದ್ರೂ ಬತ್ತದಾ?" ಅಂದಳು.

ನಮ್ಮ ಮೇಲಿನವರು ಶೇಷಗಿರಿರಾಯರು. ಕಚ್ಚೆಪಂಚೆ, ಮೇಲೆ ಕೋಟು, ಜೇಬಿನಲ್ಲಿ ಸದಾ ಮೊನೆ ಚೂಪಾದ ಮೂರು ಪೆನ್ಸಿಲು. ಪ್ರತಿ ಹಾಳೆಯ ಮೇಲೂ ಮಾಡಿದವರು, ಪರೀಕ್ಷಿಸಿದವರು ಎಂದು ಎರಡು ಅಂಕಣ. ಅಲ್ಲಿ ಹೆಸರಿನ ಬದಲು ನಮ್ಮ ಯಂತ್ರದ ನಂಬರು ಬರೆಯಬೇಕು. ಅದರಿಂದಾಗಿ ರಾಯರು ನಮ್ಮನ್ನು ಕರೆಯುತ್ತಿದ್ದದ್ದೂ ನಂಬರಿನಲ್ಲೇ. ನನ್ನದು ನಾಲ್ಕು. ಎದುರು ಮೇಜಿನಲ್ಲಿ ಏಳನೇ ನಂಬರಿನವರು. ಕೋಣೆಯಲ್ಲಿದ್ದ ಒಬ್ಬರೇ ಹೆಣ್ಣುಮಗಳು. ಧಾರವಾಡದ ಕಡೆಯವರು, ಅಣ್ಣನಿಗೆ ಇಲ್ಲಿ ಕೆಲಸವಾಯಿತೆಂದು ಅವರ ಜತೆ ಬಂದು ಶ್ರೀರಾಮಪುರದಲ್ಲಿ ಮನೆ ಮಾಡಿಕೊಂಡಿದ್ದರು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಹಣೆಯಲ್ಲಿ ವಿಭೂತಿಯ ಸಣ್ಣ ಗೆರೆ. ಅವರ ಯಂತ್ರದ ಗಂಟೆ ಹೊಡೆಯುತ್ತಿದ್ದದ್ದೇ ಕಡಿಮೆ. ಎಷ್ಟು ಸುತ್ತು ಬೇಕೆಂದು ಕೈಗೇ ಗೊತ್ತಿತ್ತು.

"ನಾಲ್ಕು ಅಂದ್ರೆ ಎರಡೆರಡ್ಲೆ ಕಣಯ್ಯಾ, ಸ್ವಲ್ಪ ತಟ್ಟಿದ್ರೆ ಒಡೆದುಹೋಗುತ್ತೆ. ಏಳು ನೋಡು, ಯಾರ ಕೈಲೂ ಒಡೆಯೋಕಾಗಲ್ಲ," ಎಂದು ರಾಯರು ತಮಾಷೆ ಮಾಡುತ್ತಿದ್ದರು. ಎಲ್ಲರ ಜತೆ ನಾನೂ ನಗುತ್ತಿದ್ದೆ.

ಸಂಖ್ಯೆ ಒಡೆಯುವುದೆಂದರೆ ಅದನ್ನು ಎರಡು ಚಿಕ್ಕ ಸಂಖ್ಯೆಗಳ ಗುಣಲಬ್ಧವಾಗಿ ಬರೆಯುವುದು. ಒಡೆಯುವುದನ್ನು ಪುಸ್ತಕದಲ್ಲಿ ಸಂಯುಕ್ತ ಸಂಖ್ಯೆ ಎನ್ನುತ್ತಾರೆ, ಒಡೆಯದ್ದನ್ನು ಅವಿಭಾಜ್ಯ ಎನ್ನುತ್ತಾರೆ. ನಮ್ಮ ಕೋಣೆಯಲ್ಲಿ ಒಡೆಯದ್ದಕ್ಕೆ 'ಗಟ್ಟಿ' ಅನ್ನುತ್ತಿದ್ದೆವು. ಅದು ಬರೀ ಪುಸ್ತಕದ ಮಾತಾಗಿರಲಿಲ್ಲ. ಸಾವಿರಾರು ಹಲ್ಲಿನ ಗೇರು ಯಾರೂ ಮಾಡುವುದಿಲ್ಲ. ದೊಡ್ಡ ಸಂಖ್ಯೆ ಒಡೆದರೆ ಮಾತ್ರ ಅದನ್ನು ಎರಡು ಸಣ್ಣ ಗೇರುಗಳಲ್ಲಿ ಹಂಚಬಹುದು.

ಸೇರಿದ ಹೊಸದರಲ್ಲಿ ನನಗೆ 3127 ಎಂಬ ಸಂಖ್ಯೆ ಬಂತು. ಎರಡು, ಮೂರು, ಐದು, ಏಳು, ಹನ್ನೊಂದು, ಹೀಗೆ ನಲವತ್ತೇಳರವರೆಗೆ ನೋಡಿದೆ. ಸಾಕಾಯಿತು. 'ಗಟ್ಟಿ, ಗೇರು ಸಾಧ್ಯವಿಲ್ಲ' ಎಂದು ಬರೆದು ಕಳಿಸಿದೆ. ಅರ್ಧ ಗಂಟೆಯಲ್ಲಿ ಲೇತ್ ವಿಭಾಗದ ಮೇಸ್ತ್ರಿ ಮುನಿಸ್ವಾಮಿ ಎರಡು ಗೇರುಗಳನ್ನು ಎರಡು ಕೈಯಲ್ಲಿ ಹಿಡಿದು ಬಂದು ನನ್ನ ಮೇಜಿನ ಮೇಲೆ ಧಡ್ಡನೆ ಇಟ್ಟರು.

"ಏನ್ ಸಾಮಿ, ಎಣಿಸಿ. ಇದ್ರಲ್ಲಿ ಐವತ್ಮೂರು ಹಲ್ಲು. ಇದ್ರಲ್ಲಿ ಐವತ್ತೊಂಬತ್ತು. ಗುಣಿಸಿ ನೋಡಿ."

ಗುಣಿಸಿದೆ. 3127.

"ನಾನು ಮೂರ್ನೇ ಕ್ಲಾಸು. ನೀವು ಎಸ್ಸೆಸ್ಸೆಲ್ಸಿ. ನನ್ ಪೆಟ್ಟಿಗೇಲಿರೋ ಗೇರು ನಿಮ್ ತಲೇಲಿಲ್ಲ," ಎಂದು ಹೇಳಿ, ಗೇರುಗಳನ್ನು ಎತ್ತಿಕೊಂಡು ಹೋದರು. ಏಳನೇ ನಂಬರಿನವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಇನ್ನೊಂದು ಭಾಗಾಕಾರ ಮಾಡಿದ್ದರೆ ಸಿಕ್ಕುತ್ತಿತ್ತು ಎಂಬ ಪಾಠವನ್ನು ನಾನು ಅಂದೇ ಕಲಿಯಬೇಕಿತ್ತು.

ಮುಂದೆ ಮೆಟ್ರಿಕ್ ಪದ್ಧತಿ ಬರುತ್ತದೆ, ಅಂಗುಲದ ಲೇತುಗಳಲ್ಲಿ ಮಿಲಿಮೀಟರಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಕೊರೆಯಬೇಕು ಎಂದಾಗ ಇದೇ ಮುನಿಸ್ವಾಮಿ ತಲೆ ಮೇಲೆ ಕೈ ಹೊತ್ತು ಬಂದರು. ಐದು ಅಂಗುಲಕ್ಕೆ ಸರಿಯಾಗಿ 127 ಮಿಲಿಮೀಟರು. 127 ಗಟ್ಟಿ ಸಂಖ್ಯೆ. ಯಾವ ದಾರಿಯಿಂದ ಹೋದರೂ 127 ಹಲ್ಲಿನ ಗೇರೇ ಬೇಕು. "ಒಂದೆರಡು ಹಲ್ಲು ಕಮ್ಮಿ ಮಾಡ್ಕೊಳ್ಳಿ ಸಾಮಿ, ನಿಮ್ಮಪ್ಪನಾಣೆ ಯಾರಿಗೂ ಹೇಳಲ್ಲ," ಎಂದು ಅವರು ಸಂಖ್ಯೆಯ ಜತೆ ಚೌಕಾಸಿಗಿಳಿದಾಗ ರಾಯರೂ ನಕ್ಕುಬಿಟ್ಟರು. ಸಂಖ್ಯೆ ಚೌಕಾಸಿಗೆ ಬಗ್ಗಲಿಲ್ಲ. ಮುನಿಸ್ವಾಮಿ ಗೊಣಗುತ್ತಲೇ 127 ಹಲ್ಲು ಕೊರೆದರು.

ಇನ್ನು ಹನ್ನೊಂದು ಒಂದುಗಳ ವಿಷಯ.

ಬೆಳಗ್ಗೆ ಕೆಲಸಕ್ಕೆ ಮುಂಚೆ, ಯಂತ್ರದ ಚಕ್ರಗಳೆಲ್ಲ ಸರಿಯಾಗಿ ತಿರುಗುತ್ತವೆಯೇ ಎಂದು ನೋಡಲು, ಹನ್ನೊಂದು ಕಿಟಕಿಗಳಲ್ಲೂ ಒಂದೊಂದು '1' ತರಿಸಿ ರಾಯರಿಗೆ ತೋರಿಸಬೇಕಿತ್ತು. 11111111111. ಸಾವಿರದ ನೂರ ಹನ್ನೊಂದು ಕೋಟಿ, ಹನ್ನೊಂದು ಲಕ್ಷ, ಹನ್ನೊಂದು ಸಾವಿರದ ನೂರ ಹನ್ನೊಂದು. ನಾವು ಅದನ್ನು ದೇವರ ಮನೆಯ ದೀಪದಂತೆ ದಿನವೂ ಹಚ್ಚಿ ದಿನವೂ ಆರಿಸುತ್ತಿದ್ದೆವು. ಒಂದು ದಿನ ಏಳನೇ ನಂಬರಿನವರು ಅದನ್ನು ಅಳಿಸದೆ ಹಾಗೇ ನೋಡುತ್ತಾ ಕುಳಿತಿದ್ದರು.

"ಏನಮ್ಮಾ, ಕೆಟ್ಟಿದೆಯಾ ಯಂತ್ರ?" ಎಂದು ರಾಯರು ಕೇಳಿದರು.

"ಇಲ್ರಿ ಸರ. ಇದು ಒಡಿತೈತೇನ್ರಿ?"

ರಾಯರ ಮುಖ ಅರಳಿದ್ದನ್ನು ನೋಡಬೇಕಿತ್ತು. ಸೀದಾ ಕಪ್ಪು ಹಲಗೆಗೆ ಹೋದರು. ಎರಡು ಒಂದು, 11, ಗಟ್ಟಿ. ಮೂರು ಒಂದು, 111, ಅದು 3 ಗುಣಿಸು 37. ನಾಲ್ಕು ಒಂದು, 11 ಗುಣಿಸು 101. ಐದು, 41 ಗುಣಿಸು 271. ಏಳು ಒಂದು ಬಂದಾಗ ಅವರಿಗೂ ಹೊತ್ತು ಹಿಡಿಯಿತು. ಕೊನೆಗೆ 239 ಗುಣಿಸು 4649 ಎಂದು ಬರೆದು ಸೀಮೆಸುಣ್ಣವನ್ನು ಗಾಳಿಗೆ ಎಸೆದು ಹಿಡಿದರು. ಅಂದು ಒಂದು ಗೇರಿನ ಲೆಕ್ಕವೂ ಆಚೆ ಹೋಗಲಿಲ್ಲ. ಹನ್ನೊಂದು ಒಂದು ಮಾತ್ರ ಹಾಗೇ ನಿಂತಿತು.

ಮಾರನೆಯ ದಿನ ರಾಯರು ಒಂದು ಉಪಾಯ ತಂದರು. ಅದು ಒಡೆಯುವುದಾದರೆ, ಅದನ್ನು ಒಡೆಯುವ ಗಟ್ಟಿ ಸಂಖ್ಯೆಯನ್ನು 22ರಿಂದ ಭಾಗಿಸಿದಾಗ 1 ಉಳಿಯಲೇಬೇಕಂತೆ. ಕಾರಣವನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಅರ್ಥವಾದವರಂತೆ ನಾನು ತಲೆಯಾಡಿಸಿದೆ, ನಿಜವಾಗಿ ಅರ್ಥವಾದ್ದರಿಂದ ಏಳನೇ ನಂಬರಿನವರು ಎರಡು ಪ್ರಶ್ನೆ ಕೇಳಿದರು. ಒಂದು ಲಕ್ಷದ ಐದು ಸಾವಿರದ ಚಿಲ್ಲರೆವರೆಗೆ ನೋಡಿದರೆ ಸಾಕು. ಎರಡಾಗಿ ಒಡೆದರೆ ಚಿಕ್ಕ ಭಾಗ ಅದಕ್ಕಿಂತ ದೊಡ್ಡದಿರಲಾರದು. ರಾಯರ ಹಳೆಯ ಪಟ್ಟಿಯಿಂದ ಅಂಥ ಸಂಖ್ಯೆಗಳನ್ನು ಆರಿಸಿದಾಗ ಸುಮಾರು ಸಾವಿರವಾದವು. ಹಾಳೆಗೆ ಇಪ್ಪತ್ತೈದರಂತೆ ಬರೆದೆವು. ಒಂದು, ಮೂರು, ಐದು ಹೀಗೆ ಬೆಸ ಹಾಳೆಗಳು ಅವರಿಗೆ. ಸಮ ಹಾಳೆಗಳು ನನಗೆ. ಊಟದ ಬಿಡುವಿನಲ್ಲಿ ಮಾಡಬೇಕು. ನನ್ನದನ್ನು ಅವರು, ಅವರದನ್ನು ನಾನು, ತಿರುಗಾ ಗುಣಿಸಿ ಪರೀಕ್ಷಿಸಬೇಕು.

"ಚೆನ್ನಾಗಿ ಮಾಡಿದವರನ್ನೇ ಹೊಸ ಯಂತ್ರಕ್ಕೆ ಕೂರಿಸ್ತೀನಿ," ಅಂದರು ರಾಯರು. ಹೊರದೇಶದಿಂದ ವಿದ್ಯುತ್ತಿನ ಲೆಕ್ಕದ ಯಂತ್ರವೊಂದು ಬರುವುದಿತ್ತು. ಹಿಡಿಯೇ ಇಲ್ಲವಂತೆ, ಗುಂಡಿ ಒತ್ತಿದರೆ ತಾನೇ ಭಾಗಿಸುತ್ತದಂತೆ. ಎಂಟು ಮಂದಿಗೂ ಅದರ ಮೇಲೆ ಕಣ್ಣು.

ಅವು ಬಹಳ ಸಂತೋಷದ ದಿನಗಳು. ಅವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುತ್ತಿದ್ದರು. ನನ್ನದು ಮುದ್ದೆ ತರುವಂತಿಲ್ಲದ್ದರಿಂದ ಉಪ್ಪಿಟ್ಟು. ಎಡಗೈಯಲ್ಲಿ ರೊಟ್ಟಿ, ಬಲಗೈಯಲ್ಲಿ ಹಿಡಿ. ಪ್ರತಿ ಭಾಗಾಕಾರದ ಕೊನೆಗೆ ಕಿಟಕಿಗಳಲ್ಲಿ ಸೊನ್ನೆಗಳು ಒಂದೊಂದಾಗಿ ಸೇರುತ್ತಾ ಬರುತ್ತಿದ್ದವು, ಬಲತುದಿಯ ನಾಲ್ಕೈದರಲ್ಲಿ ಏನಾದರೊಂದು ಶೇಷ ಉಳಿದುಬಿಡುತ್ತಿತ್ತು. "ಎಲ್ಲಾ ಕಿಟಕ್ಯಾಗ ಸೊನ್ನಿ ಬರೂದು ಒಮ್ಮೆ ನೋಡಬೇಕ್ರಿ," ಅನ್ನುತ್ತಿದ್ದರು ಅವರು. "ಅವತ್ತ ನಿಮಗೆಲ್ಲಾ ಹೋಳಿಗಿ ಮಾಡ್ಕೊಂಡು ಬರ್ತೀನಿ."

"ಬರದೇ ಇದ್ರೆ?"

"ಬರದಿದ್ರ ಅದು ಗಟ್ಟಿ ಅಂತ ಗೊತ್ತಾತಲ್ರಿ. ಅದಕ್ಕೂ ಹೋಳಿಗಿ."

ನನ್ನ ಐದನೆಯ ಹಾಳೆ, ಅಂದರೆ ಒಟ್ಟಿನಲ್ಲಿ ಹತ್ತನೆಯದು, ನಡೆಯುತ್ತಿದ್ದಾಗ ಅವರು ಒಂದು ಶನಿವಾರ ಸಂಜೆ ಊರಿಗೆ ಹೋದರು. ಮನೆಯಲ್ಲಿ ಮದುವೆ. ಸೋಮವಾರ ಊಟದ ಬಿಡುವಿನಲ್ಲಿ ನಮ್ಮ ವಿಭಾಗಕ್ಕೂ ಎರಕದ ಮನೆಯವರಿಗೂ ವಾಲಿಬಾಲ್ ಪಂದ್ಯ. ನಾನು ನಾಯಕ. ಹಾಳೆಯಲ್ಲಿ ಹದಿಮೂರು ಸಾಲು ಮುಗಿದಿತ್ತು, ಹನ್ನೆರಡು ಬಾಕಿ.

"ಹಾಳೆ ಕೊಟ್ಟು ಆಡೋಕೆ ಹೋಗಯ್ಯಾ. ಶನಿವಾರವೇ ಮುಗಿಸಬೇಕಿತ್ತು," ಎಂದು ರಾಯರು ಹೇಳಿ ತಮ್ಮ ಕೋಣೆಗೆ ಹೋದರು.

ಕಿಟಕಿಯಾಚೆಯಿಂದ ಎರಕದ ಮನೆಯವನೊಬ್ಬ ಕೂಗಿದ: "ಏ ಗುರು, ಬರ್ತೀಯೋ, ಇಲ್ಲ ಸೋತ್ವಿ ಅಂತ ಬರ್ಕೊಡ್ತೀಯೋ?"

ಸಾವಿರದಲ್ಲಿ ಹನ್ನೆರಡು. ಇಡೀ ಸಂಖ್ಯೆಯನ್ನು ಒಡೆಯುವಂಥದ್ದು ಈ ಹನ್ನೆರಡರಲ್ಲೇ ಬಂದು ಕೂತಿರುತ್ತದೆಯೇ? ನನಗಿದ್ದ ಅಷ್ಟಿಷ್ಟು ಲೆಕ್ಕದ ಬುದ್ಧಿಯನ್ನೆಲ್ಲ ಆ ವಾದಕ್ಕೆ ಖರ್ಚು ಮಾಡಿದೆ. ಹನ್ನೆರಡು ಸಾಲಿಗೂ ಮನಸ್ಸಿಗೆ ಬಂದ ಶೇಷ ಬರೆದೆ. ಅವರು ಹಿಂತಿರುಗಿ ಪರೀಕ್ಷಿಸಿದರೆ ಸಿಕ್ಕಿಬೀಳುತ್ತೇನೆಂದು ಹೊಳೆಯಿತು. 'ಪರೀಕ್ಷಿಸಿದವರು' ಅಂಕಣದಲ್ಲಿ ಅವರದೇ ಬಗೆಯಲ್ಲಿ ಒಂದು 7 ಬರೆದೆ. ರಾಯರ ಕೈಗೆ ಕೊಟ್ಟು, "ಶನಿವಾರವೇ ಮುಗಿದಿತ್ತು ಸಾರ್. ಅವರೂ ನೋಡೇ ಹೋಗಿದಾರೆ," ಅಂದೆ. ರಾಯರು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಪಂದ್ಯ ನಾವು ಗೆದ್ದೆವು.

ಅವರು ಮದುವೆಯ ಲಾಡು ತಂದರು. ಹತ್ತನೆಯ ಹಾಳೆ ಎಲ್ಲಿ ಎಂದು ಕೇಳಿದರು. ರಾಯರು ತಾವೇ ನೋಡಿಕೊಂಡರು ಎಂದು ಹೇಳಿದೆ. ಒಂದು ಸುಳ್ಳಿಗೆ ಎರಡು ಮರಿ. ಹಾಳೆಗಳು ಮುಂದುವರಿದವು, ತಿಂಗಳುಗಳು ಕಳೆದವು. ನಲವತ್ತನೆಯ ಹಾಳೆ ಮುಗಿದರೂ ಎಲ್ಲೂ ಸೊನ್ನೆ ಬರಲಿಲ್ಲ. ಗಟ್ಟಿ ಎಂದು ರಾಯರು ಘೋಷಿಸಿದರು. ಮಾತಿನಂತೆ ಹೋಳಿಗೆ ಬಂತು, ಮುನಿಸ್ವಾಮಿ ಕೂಡ ಬಂದು ಮೂರು ತಿಂದು, "ಇಷ್ಟು ದೊಡ್ಡ ಗಟ್ಟಿ ಗೇರು ನನ್ ಹತ್ರ ಮಾತ್ರ ಕೇಳ್ಬೇಡಿ," ಅಂದರು. ರಾಯರು ಹೆಮ್ಮೆಯಿಂದ ತಮ್ಮ ಪರಿಚಯದ ಒಬ್ಬ ಗಣಿತದ ಮೇಷ್ಟರಿಗೆ ಕಾಗದ ಬರೆದರು.

ಉತ್ತರ ಕಾರ್ಡಿನಲ್ಲಿ ಬಂತು. ಕ್ಷೇಮ ಸಮಾಚಾರದ ಕೆಳಗೆ ಒಂದೇ ಸಾಲು: 21649 × 513239, ಗುಣಿಸಿ ನೋಡುವುದು.

ರಾಯರು ಏಳನೇ ಯಂತ್ರದಲ್ಲೇ ಗುಣಿಸಿದರು. ನಾವೆಲ್ಲ ಸುತ್ತ ನಿಂತಿದ್ದೆವು. ಹಿಡಿ ತಿರುಗಿತು, ಕಿಟಕಿಗಳಲ್ಲಿ ಹನ್ನೊಂದು ಒಂದುಗಳು ಬಂದು ನಿಂತವು. ಏಳನೇ ನಂಬರಿನವರು ಚಪ್ಪಾಳೆ ತಟ್ಟಿದರು.

"ಒಡೀತಲ್ರೀ ಸರ! ಒಡೀತು!"

ಅವರಿಗೆ ಆ ಕ್ಷಣದಲ್ಲಿ ನಾವು ಸೋತೆವೆಂಬುದು ಹೊಳೆದೇ ಇರಲಿಲ್ಲ. ರಾಯರು ಮಾತ್ರ ಡ್ರಾಯರು ತೆಗೆದು ಹತ್ತನೆಯ ಹಾಳೆ ಹುಡುಕಿದರು. 21649ರ ಎದುರು, ಶೇಷ 8312. ಮಾಡಿದವರು 4. ಪರೀಕ್ಷಿಸಿದವರು 7.

ನಮ್ಮ ಕೋಣೆಯ ಒಂದು ನಿಯಮ ಹೇಳಬೇಕು. ಮಾಡುವವನು ತಪ್ಪಬಹುದು, ಪರೀಕ್ಷಿಸುವವನು ತಪ್ಪಬಾರದು. ತಪ್ಪು ಆಚೆ ಹೋದರೆ ದೊಡ್ಡ ಪಾಲು ಪರೀಕ್ಷಿಸಿದವರದು. ರಾಯರು ಹಾಳೆಯನ್ನು ಅವರ ಮುಂದೆ ಹಿಡಿದರು. "ಏನಮ್ಮಾ ಇದು? ನೀನು ನೋಡಿದ್ದಾ?"

ಅವರು ಹಾಳೆ ನೋಡಿದರು. ಆ 7 ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ನಾನು ನನ್ನ ಯಂತ್ರದ ಹಿಡಿಯನ್ನು ನೋಡುತ್ತಿದ್ದೆ.

"ಇಲ್ರಿ ಸರ," ಅಂದರು. "ನಾ ನೋಡಿಲ್ಲ."

ಅದು ಅಕ್ಷರಶಃ ಸತ್ಯ. ನೋಡದೆಯೇ ನಂಬರು ಹಾಕಿದರೆಂದು ರಾಯರು ತಿಳಿದುಕೊಂಡರು. ಹಾಗೆ ತಿಳಿಯುತ್ತಾರೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು.

ರಾಯರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ, ಬೇರೇನೂ ತೋಚದವರಂತೆ, "ಈ 513239 ಇನ್ನೂ ಒಡೆಯುತ್ತೋ ಏನೋ. ಅದನ್ನೂ ನೋಡಬೇಕು," ಎಂದು ಗೊಣಗಿದರು.

"ಬ್ಯಾಡ್ರಿ ಸರ, ಅದು ಗಟ್ಟಿ ಐತಿ," ಅಂದರು ಏಳನೇ ನಂಬರಿನವರು, ಏನೂ ಆಗಿಲ್ಲವೆಂಬಂತೆ. "ಅದು ಒಡದ್ರ ಏಳುನೂರಾ ಹದಿನಾರರೊಳಗ ಒಂದು ಸಿಗಬೇಕು. ಅದು ಹನ್ನೊಂದು ಒಂದನ್ನೂ ಒಡೀಬೇಕಾಗ್ತದಲ್ರಿ? ನಮ್ಮ ಪಟ್ಟ್ಯಾಗ ಅಲ್ಲೀತನಕ ಇರೂವು ಹನ್ನೆರಡ. ಒಂದನೇ ಹಾಳಿ, ಮೊದಲಿನ ಹನ್ನೆರಡು ಸಾಲು. ಒಂದರಾಗೂ ಸೊನ್ನಿ ಬಂದಿಲ್ಲ. ಅವು ನಾ ಮಾಡಿದ್ದು."

ರಾಯರು ಒಂದನೇ ಹಾಳೆ ತೆಗೆದು ನೋಡಿದರು. ಹೌದು. ಅವರ ಹನ್ನೆರಡು ಸಾಲು ಆ ದೊಡ್ಡ ಸಂಖ್ಯೆಯ ಲೆಕ್ಕವನ್ನು ಪೂರ್ತಿ ಮಾಡಿದವು. ನನ್ನ ಹನ್ನೆರಡು ಸಾಲು ಅದನ್ನು ಕೆಡಿಸಿದ್ದವು.

ಮುಂದಿನ ತಿಂಗಳು ವಿದ್ಯುತ್ ಯಂತ್ರ ಬಂತು. ಅದಕ್ಕೆ ನನ್ನನ್ನು ಕೂರಿಸಿದರು. ಅವರನ್ನು ಉಗ್ರಾಣಕ್ಕೆ ಹಾಕಿದರು, ಗೇರು ಎಣಿಸಿ ಕೊಡುವ ಕೆಲಸ. ವರ್ಷದೊಳಗೆ ಅಣ್ಣನಿಗೆ ವರ್ಗವಾಗಿ ಬಿಟ್ಟುಹೋದರು. ಹೊರಡುವ ದಿನ ನಮ್ಮ ಕೋಣೆಗೆ ಬಂದು ಎಲ್ಲರಿಗೂ ನಮಸ್ಕಾರ ಹೇಳಿದರು. ನನ್ನ ಮೇಜಿನ ಬಳಿ ನಿಂತು, ತಗ್ಗಿದ ದನಿಯಲ್ಲಿ, "ನಾಲ್ಕನೇ ನಂಬರ್ದವ್ರ, ಆ ಹಾಳಿ ಪೂರಾ ಮಾಡ್ರಿ. ಹನ್ನೆರಡು ಬಾಕಿ ಅದಾವ," ಅಂದರು. ಎಷ್ಟು ಬಾಕಿ ಎಂದು ನಾನು ಅವರಿಗೆ ಹೇಳಿರಲಿಲ್ಲ. ಉಗ್ರಾಣಕ್ಕೆ ಹೋಗುವ ಮುನ್ನ ತಾವೇ ಗುಣಿಸಿ ನೋಡಿ, ಯಾವ ಸಾಲಿನಿಂದ ಸುಳ್ಳು ಶುರುವಾಗಿದೆಯೆಂದು ಕಂಡುಕೊಂಡಿದ್ದರು, ರಾಯರಿಗೆ ತೋರಿಸಿರಲಿಲ್ಲ.

ಹೊಸ ಯಂತ್ರದ ಮೇಲೆ ಆ ಹನ್ನೆರಡನ್ನು ಮಾಡಿದೆ. ಎಲ್ಲ ಸೇರಿ ಊಟದ ಬಿಡುವಿನ ಕಾಲು ಭಾಗವೂ ಬೇಕಾಗಲಿಲ್ಲ. 21649 ಬಂದಾಗ ಯಂತ್ರ ಗಡಗಡನೆ ಓಡಿ ನಿಂತಿತು. ಎಡದಿಂದ ಬಲಕ್ಕೆ, ಎಲ್ಲ ಕಿಟಕಿಗಳಲ್ಲೂ ಸೊನ್ನೆ. ಅದನ್ನು ನೋಡಲು ಸುತ್ತ ಯಾರೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕೆಂಗೇರಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದಲ್ಲಿ ಕೈಚೀಲ ಹಿಡಿದ ಒಬ್ಬ ಹೆಂಗಸು ನನ್ನನ್ನೇ ನೋಡಿ ನಗುತ್ತಿದ್ದರು. ವಿಭೂತಿಯ ಗೆರೆಯಿಂದ ಗುರುತು ಹಿಡಿದೆ. ಕೂದಲು ಬೆಳ್ಳಗಾಗಿತ್ತು. ಮಗಳ ಮನೆಗೆ ಬಂದಿದ್ದರಂತೆ. ನನ್ನ ಮನೆ, ಮಕ್ಕಳು ಎಲ್ಲ ವಿಚಾರಿಸಿ, ಆಮೇಲೆ ಕೇಳಿದರು:

"ಆ ಹಾಳಿ ಮಾಡಿದ್ರೇನ್ರಿ?"

"ಮಾಡ್ದೆ."

"ಸೊನ್ನಿ ಬಂತು?"

"ಬಂತು. ಎಲ್ಲಾ ಕಿಟಕೀಲೂ ಬಂತು."

ಅವರ ಕಣ್ಣುಗಳು ಅರಳಿದವು, ಆ ದಿನ ಚಪ್ಪಾಳೆ ತಟ್ಟಿದಾಗಿನಂತೆ. "ಹೆಂಗ ಕಾಣಸ್ತು ಹೇಳ್ರೀ?"

ಬಸ್ಸು ಬಂತು. ಅದು ನನ್ನದಲ್ಲ, ಆದರೂ ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದಾಗ ಅವರು ಇನ್ನೂ ನಗುತ್ತಲೇ ಕೈ ಬೀಸುತ್ತಿದ್ದರು.

ಲೆಕ್ಕದ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ. ನಮ್ಮ ಯಂತ್ರದಲ್ಲಿ ಒಂದು ಸುತ್ತು ಜಾಸ್ತಿಯಾದರೆ ಗಂಟೆ ಹೊಡೆಯುತ್ತಿತ್ತು, ವಾಪಸ್ಸು ಬರಲು ಒಂದೇ ಸುತ್ತು ಸಾಕಿತ್ತು. ನಿಮ್ಮ ಯಂತ್ರಗಳಲ್ಲಿ ಗಂಟೆ ಇದೆಯೋ ಇಲ್ಲವೋ ನನಗೆ ತಿಳಿಯದು.

ಹೇಗೆ ಕಾಣಿಸಿತು ಎಂಬ ಅವರ ಪ್ರಶ್ನೆಗೆ ಈಗ ಅವರಿಗೇ ಉತ್ತರ ಕೊಡುತ್ತೇನೆ. ಮೊದಲು ಎಡಗಡೆಯ ಕಿಟಕಿಗಳು ಖಾಲಿಯಾದವು. ನಡುವಿನವು ಸ್ವಲ್ಪ ತಡವರಿಸಿದವು. ಕೊನೆಯ ಐದು ಮಾತ್ರ, ನೀವು ಇಷ್ಟು ದಿನ ಕಾಯುತ್ತಿದ್ದ ಐದು, ಒಂದೇ ಸಲಕ್ಕೆ ಸೊನ್ನೆಯಾದವು. ಬಹಳ ಚೆನ್ನಾಗಿತ್ತು. ಅದನ್ನು ನೋಡಬೇಕಾಗಿದ್ದವರು ನೀವು, ಪ್ರಶ್ನೆ ನಿಮ್ಮದಾಗಿತ್ತು.

ಅಷ್ಟು ದಿನ ಎದುರು ಬದುರು ಕುಳಿತರೂ ಅವರನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ತಪ್ಪಾಯಿತು ಎಂದು ಹೇಳಲಿಲ್ಲ. ಅಂದು ಕದ್ದು ಅವರ ನಂಬರು ಬರೆದ ಇದೇ ಕೈಯಿಂದ ಈಗ ಅವರ ಹೆಸರು ಬರೆಯುತ್ತಿದ್ದೇನೆ: ಸಂಗವ್ವ.